ಹೊರಗೆ ಕಳಿಸಿದ ಮಾಷ್ಟ್ರು

ಸರಿಯುತ್ತರ ಕೇಳಿದಾಗ ನಮ್ಮ ಏಳನೆಯ ಕ್ಲಾಸಿನ ಮಾಷ್ಟ್ರ ಮುಖದಲ್ಲಿ ಅಂಥ ಸಂತೋಷವೇನೂ ಕಾಣುತ್ತಿರಲಿಲ್ಲ. "ಹ್ಞೂಂ, ಆಯ್ತು" ಎಂದು, ಉಂಡ ಎಲೆ ಎತ್ತುವವರ ಹಾಗೆ ಆ ಲೆಕ್ಕವನ್ನು ಬೋರ್ಡಿನಿಂದ ಒರೆಸಿಬಿಡುತ್ತಿದ್ದರು. ಯಾರಾದರೂ ತಪ್ಪು ಹೇಳಿದರೆ ಮಾತ್ರ ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ ಪುನಃ ಹಾಕಿಕೊಂಡು, ಆ ಹುಡುಗನ ಪಕ್ಕದಲ್ಲೇ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. "ಇದು ನಿನಗೆ ಹೇಗೆ ಬಂತು? ಬಂದ ದಾರಿ ತೋರಿಸು ನೋಡುವ." ಹುಡುಗ ಹೆದರಿ ತನ್ನ ದಾರಿಯನ್ನು ಹೇಳುತ್ತಾ ಹೋದ ಹಾಗೆ ಮಾಷ್ಟ್ರು ತಲೆಯಾಡಿಸುತ್ತಿದ್ದರು. ಎಷ್ಟೋ ಸಲ ಅರ್ಧ ದಾರಿಯಲ್ಲಿ ಹುಡುಗನೇ "ಅಯ್ಯೋ" ಎಂದು ನಿಲ್ಲುತ್ತಿದ್ದ. ಆಗ ಮಾಷ್ಟ್ರು ನಗುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿದ್ದೂ ಇಲ್ಲ. ಏಳನೆಯ ಕ್ಲಾಸಿಗೆ ಪಾಠ ಮಾಡುವವರಾದ್ದರಿಂದ ಪೆರ್ಲದ ಪೇಟೆಯಲ್ಲೂ ಅವರು 'ಏಳನೆಯ ಮಾಷ್ಟ್ರು'. ಕಡ್ಡಿಯಂಥ ಆಳು. ಬಿಸಿಲಿಗೂ ಕೊಡೆ. ನಡೆಯುತ್ತ ನಡೆಯುತ್ತ ಕಾರಣವಿಲ್ಲದೆ ನಿಂತುಬಿಡುವುದು ಅವರ ಕ್ರಮ. ಹಿಂದೆ ಬರುವ ಗಾಡಿಯವನು ಕೂಗಿದ ಮೇಲೆ ಎಚ್ಚರ. ಕೈವಾರ ಹಿಡಿದರೂ ಬೋರ್ಡಿನಲ್ಲಿ ದುಂಡಗೆ ವೃತ್ತ ಬರೆಯಲು ಅವರಿಗೆ ಬರುತ್ತಿರಲಿಲ್ಲ. ಮನೆಯಿಂದ ಒಂದು ತೆಂಗಿನ ಗೆರಟೆ ತಂದು, ಅದನ್ನು ಕವುಚಿ ಹಿಡಿದು ಸುತ್ತ ಚಾಕ್ ಎಳೆಯುತ್ತಿದ್ದರು.

ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ ಇತ್ತು. ಅದರ ಮೇಲೆ 'ಗೊತ್ತಿಲ್ಲದ್ದು' ಎಂದು ಬರೆದಿತ್ತು. ನಾವು ಕೇಳಿದ ಪ್ರಶ್ನೆಗೆ ಉತ್ತರ ಅವರಿಗೆ ತಿಳಿಯದಿದ್ದರೆ ಅದು ಆ ಚೌಕದೊಳಗೆ ಹೋಗುತ್ತಿತ್ತು. ಅದನ್ನು ಒರೆಸುವ ಅಧಿಕಾರ ಯಾರಿಗೂ ಇರಲಿಲ್ಲ. ಮಾಷ್ಟ್ರಿಗೆ ಗೊತ್ತಿಲ್ಲದ್ದು ಇರುತ್ತದೆ ಎಂಬುದೇ ನಮಗೆ ಆಗ ದೊಡ್ಡ ಸುದ್ದಿ.

ಶಾಲೆ ಇದ್ದದ್ದು ಪದವಿನ ಮೇಲೆ. ಪದವು ಎಂದರೆ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ವಿಶಾಲವಾದ ಬಯಲು. ಮಳೆಗಾಲದಲ್ಲಿ ಹಸಿರು, ಉಳಿದ ದಿನಗಳಲ್ಲಿ ಸುಟ್ಟ ಕಾವಲಿಯ ಬಣ್ಣ. ಮರವೆಂದರೆ ಅಲ್ಲೊಂದು ಇಲ್ಲೊಂದು ಗೇರು. ಮಧ್ಯಾಹ್ನದ ಹೊತ್ತು ಅಲ್ಲಿ ಗಾಳಿಯೂ ನಿದ್ದೆ ಮಾಡುವ ಹಾಗೆ ಇರುತ್ತಿತ್ತು. ಇಂದಿಗೂ ಕಣ್ಣು ಮುಚ್ಚಿದರೆ ಆ ಬಯಲು ಬರುತ್ತದೆ. ಶಬ್ದವಿಲ್ಲದೆ ಬರುತ್ತದೆ.

ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮನೆಮಾತು ತುಳು. ಆದರೆ ಅಪ್ಪ ದಿನಾ ಪೇಪರನ್ನು ಜೋರಾಗಿ ಓದುತ್ತಿದ್ದರಿಂದ ಕನ್ನಡ ನನ್ನ ಬಾಯಿಗೆ ಬೇಗ ಹತ್ತಿತ್ತು. ತುಳುವನ್ನು ಶಾಲೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋಗಲು ನಾನು ಸಣ್ಣವಳಿರುವಾಗಲೇ ಕಲಿತಿದ್ದೆ. ಲೆಕ್ಕದಲ್ಲಂತೂ ಮಾಷ್ಟ್ರು ಬರೆದು ತಿರುಗುವ ಮೊದಲೇ ನನ್ನ ಸ್ಲೇಟು ಮೇಲೆ. ಹುಷಾರು ಹುಡುಗಿ ಎಂದು ಊರೆಲ್ಲ ಹೇಳುತ್ತಿತ್ತು, ನಾನೂ ನಂಬಿದ್ದೆ.

ಏಳನೆಯ ಕ್ಲಾಸಿನ ಮೊದಲ ವಾರ ಹಾಗೆಯೇ ಸ್ಲೇಟು ಎತ್ತಿದೆ. ಮಾಷ್ಟ್ರು ಬಂದು ನೋಡಿದರು.

"ಆಯ್ತಾ?"

"ಆಯ್ತು ಮಾಷ್ಟ್ರೇ. ಇನ್ನೂ ಕೊಡಿ."

"ಇನ್ನು ಹತ್ತು ಕೊಟ್ಟರೆ ಹತ್ತನ್ನೂ ಮಾಡ್ತಿ. ಅದರಿಂದ ಎಂತ ಆಯ್ತು ಮಾರಾಯ್ತಿ?" ಎಂದರು. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದರು. "ಒಂದು ಕೆಲಸ ಮಾಡು. ಹೊರಗೆ ಹೋಗಿ ಕೂತುಕೋ. ಬರುವಾಗ ಒಂದು ಪ್ರಶ್ನೆ ತಾ. ಉತ್ತರ ಬೇಡ."

ನನಗೆ ಅಳು ಬಂತು. ಹೊರಗೆ ಹಾಕುವುದು ದಡ್ಡರನ್ನು ಎಂದು ನಾನು ತಿಳಿದಿದ್ದೆ. ಮಳೆ ಇದ್ದಷ್ಟು ದಿನ ಜಗಲಿಯ ತುದಿಯಲ್ಲಿ, ಮಳೆ ಬಿಟ್ಟ ಮೇಲೆ ಗೇರುಮರದ ಬುಡದಲ್ಲಿ ನನ್ನ ಜಾಗವಾಯಿತು. ಮೊದಮೊದಲು ತಂದ ಪ್ರಶ್ನೆಗಳನ್ನು ನೆನೆದರೆ ಈಗ ನಗು ಬರುತ್ತದೆ. "ಇರುವೆಗೆ ಕಾಲು ಎಷ್ಟು?" ಎಂದು ಕೇಳಿದೆ. "ಆರು ಅಂತ ನಿನಗೆ ಗೊತ್ತುಂಟು. ಗೊತ್ತಿದ್ದದ್ದನ್ನು ಕೇಳುವುದು ಪರೀಕ್ಷೆಯವರ ಕೆಲಸ. ಹೋಗು." ಮರುದಿನ "ಆಕಾಶ ನೀಲಿ ಯಾಕೆ?" ಎಂದೆ. "ಇದು ನಿನ್ನದಲ್ಲ, ಯಾವುದೋ ಪುಸ್ತಕದ್ದು. ಹೋಗು."

ಹೀಗೆ ತಿಂಗಳುಗಟ್ಟಲೆ. ಕೊನೆಗೆ ತರಬೇಕೆಂಬ ಅವಸರವೇ ಹೋಯಿತು. ಒಣಗಿದ ಎಲೆಯ ಮೇಲೆ ಮಲಗಿ ಗೇರಿನ ಕೊಂಬೆಗಳ ಸಂದಿನಲ್ಲಿ ಬೆಳಕು ಸರಿಯುವುದನ್ನು ನೋಡುತ್ತಿದ್ದೆ. ಒಳಗೆ ಮಗ್ಗಿ ಹೇಳುವ ಸ್ವರ ಯಾವುದೋ ದೂರದ ಊರಿನಿಂದ ಬಂದ ಹಾಗೆ ಕೇಳುತ್ತಿತ್ತು.

ಅಪ್ಪ ಒಂದು ದಿನ ಶಾಲೆಗೆ ಬಂದರು. "ಮಗಳಿಗೆ ಏಳನೆಯದ್ದೆಲ್ಲ ಬರ್ತದೆ ಮಾಷ್ಟ್ರೇ. ಈಗಲೇ ಎಂಟಕ್ಕೆ ಹಾಕಿ. ಒಂದು ವರ್ಷ ಉಳಿದರೆ ಅಷ್ಟು ಬೇಗ ಮುಗೀತದೆ."

"ಮುಗಿಸಿ ಎಲ್ಲಿಗೆ ಹೋಗಲಿಕ್ಕುಂಟು?" ಎಂದರು ಮಾಷ್ಟ್ರು. "ಗುದ್ದಿ ಹಣ್ಣು ಮಾಡುವುದು ಬೇಡ. ಅವಳು ಬೇಗ ಹೇಳ್ತಾಳೆ, ಅದು ಸರಿ. ನಿಂತು ನೋಡಲಿಕ್ಕೆ ಇನ್ನೂ ಬರುವುದಿಲ್ಲ. ಈ ಪ್ರಾಯದಲ್ಲಿ ಬಾರದಿದ್ದರೆ ಮತ್ತೆ ಬರುವುದಿಲ್ಲ." ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಮನೆಯಲ್ಲಿ ಅವರ ಮುಖ ಎರಡು ದಿನ ದಪ್ಪವಾಗಿತ್ತು.

ಅದು ಸ್ವಾತಂತ್ರ್ಯ ಬಂದ ವರ್ಷ. ಧ್ವಜಕ್ಕೆಂದು ಅಂಗಳದಲ್ಲಿ ನೆಟ್ಟ ಬಿದಿರಿನ ಕಂಬವನ್ನು ಯಾರೂ ಕೀಳದೆ ಅದು ಅಲ್ಲೇ ಉಳಿದಿತ್ತು. ಗೇರುಮರದ ಬುಡದಿಂದ ನೋಡಿದರೆ ನೇರ ಎದುರಿಗೆ ಅದರ ನೆರಳು. ಗೇರುಹೂವಿನ ಪರಿಮಳ ಮೂಗಿಗೆ ಅಡರುವ ದಿನಗಳಲ್ಲಿ, ಒಂದು ಮಧ್ಯಾಹ್ನ, ನನಗೆ ಏನೋ ತೋರಿತು. ಹೋದ ತಿಂಗಳು ಈ ನೆರಳಿನ ತುದಿ ಅಂಗಳದ ಕಟ್ಟೆಗೆ ತಾಗುತ್ತಿತ್ತು. ಈಗ ಕಟ್ಟೆಗೂ ಅದಕ್ಕೂ ನಡುವೆ ಬಿಸಿಲು.

ಓಡಿ ಒಳಗೆ ಹೋದೆ. "ಮಾಷ್ಟ್ರೇ, ಕಂಬದ ಮಧ್ಯಾಹ್ನದ ನೆರಳು ಗಿಡ್ಡ ಆಗ್ತಾ ಉಂಟು. ಹೀಗೇ ಆದರೆ ಒಂದು ದಿನ ಇಲ್ಲದೇ ಹೋಗ್ತದಾ?"

ಅವರು ಕನ್ನಡಕ ತೆಗೆದರು. ತಪ್ಪು ಹೇಳಿದೆನೇನೋ ಎಂದುಕೊಂಡೆ. "ನೆತ್ತಿಯ ಮೇಲೆ ಸೂರ್ಯ ಬರ್ತಾನೆ ಅಂತ ಓದಿದ್ದೇನೆ. ನಮ್ಮ ಈ ಪದವಿನಲ್ಲಿ ಯಾವ ದಿನ ಅಂತ ಯಾವ ಪುಸ್ತಕದಲ್ಲೂ ಇಲ್ಲ. ನನಗೆ ಗೊತ್ತಿಲ್ಲ ಮಗಾ." ಆ 'ಗೊತ್ತಿಲ್ಲ' ಎನ್ನುವಾಗ ಅವರ ಸ್ವರ ಹಬ್ಬದ ಹಾಗೆ ಇತ್ತು. ಚೌಕದೊಳಗೆ ಬರೆದರು. "ನೋಡುವ" ಎಂದರು.

ಅಂದಿನಿಂದ ಹನ್ನೆರಡರ ಗಂಟೆ ಹೊಡೆದ ಕೂಡಲೇ ನೆರಳಿನ ತುದಿಯಲ್ಲಿ ಒಂದು ಮುರಕಲ್ಲಿನ ಚೂರು ಇಡುವುದು ನನ್ನ ಕೆಲಸ. ಕಲ್ಲಿನ ಸಾಲು ದಿನಕ್ಕಿಷ್ಟು ಕಂಬದ ಕಡೆಗೆ ನಡೆಯತೊಡಗಿತು.

ಇನ್‌ಸ್ಪೆಕ್ಟರರು ಬಂದದ್ದು ಆ ದಿನಗಳಲ್ಲೇ. ಬರುವ ಸುದ್ದಿ ಇರಲಿಲ್ಲ. ಬೆಳಗ್ಗಿನ ಕ್ಲಾಸಿನ ಹೊತ್ತು. ನಾನು ಗೇರುಮರದಡಿ ಒಳ್ಳೆಯ ನಿದ್ದೆಯಲ್ಲಿದ್ದೆ. ಕಣ್ಣು ಬಿಟ್ಟರೆ ಎದುರಿಗೆ ಕರಿ ಬೂಟು, ಮೇಲೆ ಕೋಟು.

"ಕ್ಲಾಸು ನಡೆಯುವಾಗ ಇಲ್ಲೇನು ಮಾಡುತ್ತಿದ್ದೀಯ?"

ಪ್ರಶ್ನೆ ಹುಡುಕುತ್ತಿದ್ದೇನೆ ಎಂದು ಹೇಳಬಹುದಿತ್ತು. ಆದರೆ ಮಲಗಿ ಸಿಕ್ಕಿಬಿದ್ದವಳಿಗೆ ಆ ಮಾತು ಬಾಯಿಗೆ ಬರಲಿಲ್ಲ. "ಮಾಷ್ಟ್ರು ಹೊರಗೆ ಹಾಕಿದ್ದಾರೆ" ಎಂದೆ.

"ಯಾವಾಗಿನಿಂದ?"

"ಜೂನ್ ತಿಂಗಳಿನಿಂದ."

ಅವರು ಮತ್ತೇನೂ ಕೇಳಲಿಲ್ಲ. ಒಳಗೆ ಹೋಗಿ ಬೋರ್ಡನ್ನು ನೋಡಿದರು. ಮಾಷ್ಟ್ರ ಅಜ್ಞಾನವೆಲ್ಲ ಚೌಕದೊಳಗೆ ಅಂದವಾಗಿ ಬರೆದಿತ್ತು. ಬುದ್ಧಿವಂತ ವಿದ್ಯಾರ್ಥಿನಿಯನ್ನು ತಿಂಗಳುಗಟ್ಟಲೆ ತರಗತಿಯ ಹೊರಗಿಟ್ಟದ್ದು, ತನಗೆ ಬಾರದ್ದನ್ನು ಮಕ್ಕಳ ಎದುರು ಪ್ರದರ್ಶಿಸಿದ್ದು, ಎರಡೂ ಅವರ ವರದಿಯಲ್ಲಿ ಸೇರಿದವು. ಹೆಡ್‌ಮಾಷ್ಟ್ರು ನಿವೃತ್ತರಾಗಲಿದ್ದರು, ಆ ಜಾಗ ನಮ್ಮ ಮಾಷ್ಟ್ರಿಗೆ ಎಂದು ಎಲ್ಲರೂ ಹೇಳುತ್ತಿದ್ದರು. ವರದಿ ಬಂದ ಮೇಲೆ ಶಾಲೆಯ ಮ್ಯಾನೇಜರು ಅವರನ್ನು ಕರೆಸಿ, ವರ್ಷ ಮುಗಿದ ಕೂಡಲೇ ಪುತ್ತಿಗೆ ಕಡೆಯ ತಮ್ಮ ಇನ್ನೊಂದು ಶಾಲೆಗೆ ಹೋಗಲು ಹೇಳಿದರು. ಅಲ್ಲಿ ಇದ್ದದ್ದು ಐದೇ ಕ್ಲಾಸು. ಹನ್ನೆರಡು ಹದಿಮೂರರ ಮಕ್ಕಳೆಂದರೆ ಜೀವ ಬಿಡುವ ಮನುಷ್ಯ ಇನ್ನು ಅ ಆ ತಿದ್ದಿಸಬೇಕು.

ನನ್ನ ಮಾತಿನಿಂದ ಇದಾಯಿತೆಂದು ನನಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಮರುದಿನ ಅವರು ಎಂದಿನ ಹಾಗೆಯೇ ಗೆರಟೆ ಹಿಡಿದು ವೃತ್ತ ಬರೆದರು. ನನ್ನನ್ನು ಹೊರಗೆ ಕಳಿಸುವುದು ಮಾತ್ರ ನಿಂತಿತು. ಕಲ್ಲು ಇಡುವುದು ಊಟದ ಬಿಡುವಿನ ಕೆಲಸವಾಗಿ ಮುಂದುವರಿಯಿತು.

ಮಾರ್ಚ್ ತಿಂಗಳಲ್ಲಿ ಮಾಷ್ಟ್ರು ನನ್ನನ್ನು ಬೋರ್ಡಿನ ಹತ್ತಿರ ನಿಲ್ಲಿಸಿ, ಎಲ್ಲರಿಗೂ ವಿವರಿಸಲು ಹೇಳಿದರು. ಕಲ್ಲುಗಳ ನಡುವಿನ ಅಂತರ ಲೆಕ್ಕ ಹಾಕಿ, ಏಪ್ರಿಲಿನ ಬಿಸು ಹಬ್ಬ ಕಳೆದು ಇಷ್ಟು ದಿನಕ್ಕೆ ಕಂಬಕ್ಕೆ ನೆರಳೇ ಇರುವುದಿಲ್ಲ ಎಂದು ಜಂಬದಿಂದ ಹೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಕ್ಕವನು ಕುಂಞಣ್ಣ. ಅವನ ಅಪ್ಪ ಸುರಂಗ ತೋಡುವವರು. ನಮ್ಮ ಕಡೆ ನೀರಿಗಾಗಿ ಬಾವಿಯ ಬದಲು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ತೋಡುತ್ತಾ ಹೋಗುತ್ತಾರೆ, ಅದೇ ಸುರಂಗ. ರಜೆಯಲ್ಲಿ ಕುಂಞಣ್ಣ ಅಪ್ಪನ ಜತೆ ಮಣ್ಣು ಹೊರುತ್ತಿದ್ದ. ಕ್ಲಾಸಿನಲ್ಲಿ ಅವನು ಬಾಯಿ ಬಿಟ್ಟದ್ದು ನನಗೆ ನೆನಪಿಲ್ಲ.

"ನಗು ಎಂತಕ್ಕೆ ಬಂತು ಕುಂಞಣ್ಣ?" ಮಾಷ್ಟ್ರು ಕೇಳಿದರು.

ಅವನು ಎದ್ದು ನಿಂತು ನೆಲ ನೋಡಿದ. ಪಕ್ಕದವನು, "ಅವನಿಗೆ ಕನ್ನಡ ಮಾತಾಡಲಿಕ್ಕೆ ಬರುವುದಿಲ್ಲ ಮಾಷ್ಟ್ರೇ" ಎಂದ.

ಕ್ಲಾಸಿನೊಳಗೆ ತುಳು ಮಾತಾಡಬಾರದು ಎಂಬುದು ಶಾಲೆಯ ನಿಯಮ. ಮಾಷ್ಟ್ರ ಮನೆಮಾತೂ ತುಳುವೇ. ಅವರು "ತುಳುಟೇ ಪಣ್ಲ" ಎಂದರು. ತುಳುವಿನಲ್ಲೇ ಹೇಳು ಎಂದರ್ಥ.

ಕುಂಞಣ್ಣ ಹೇಳಿದ. ಮೊದಲು ನಿಧಾನ, ಆಮೇಲೆ ಒರತೆ ಬಿಟ್ಟ ಹಾಗೆ. ಕಂಬ ಓರೆಯಾಗಿ ಉಂಟು, ಆದ್ದರಿಂದ ಸೂರ್ಯ ನೆತ್ತಿಗೆ ಬಂದರೂ ಅದರ ನೆರಳು ಹೋಗುವುದಿಲ್ಲ; ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟರೆ ಮಾತ್ರ ನೇರ ಸಿಕ್ಕುತ್ತದೆ, ಸುರಂಗದ ಬಾಯಿಯಲ್ಲಿ ಅಪ್ಪ ಹಾಗೆಯೇ ಮಾಡುವುದು. ಇನ್ನೂ ಒಂದು ಉಂಟು. ಹನ್ನೆರಡರ ಗಂಟೆ ಹೊಡೆದಾಗ ನೆರಳು ಅತಿ ಗಿಡ್ಡ ಇರುವುದಿಲ್ಲ. ಮತ್ತೂ ಸ್ವಲ್ಪ ಹೊತ್ತು, ಉಂಡು ಕೈ ತೊಳೆಯುವಷ್ಟು ಹೊತ್ತು ಕುಗ್ಗುತ್ತದೆ. ಆಮೇಲೆ ಬೆಳೆಯುತ್ತದೆ. ಗಂಟೆಯನ್ನು ನಂಬಬಾರದು.

"ಇದು ನಿನಗೆ ಹೇಗೆ ಗೊತ್ತಾಯಿತು?"

"ಊಟದ ಬಿಡುವಿನಲ್ಲಿ ನಾನು ಮನೆಗೆ ಹೋಗುವುದಿಲ್ಲ" ಎಂದ ಕುಂಞಣ್ಣ. "ಜಗಲಿಯಲ್ಲಿ ಕೂತಿರ್ತೇನೆ. ದಿನಾ ನೋಡ್ತೇನೆ."

ಯಾಕೆ ಹೋಗುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಮಾಷ್ಟ್ರು ಕನ್ನಡಕ ತೆಗೆದು ಒರೆಸಿದರು. ಪುನಃ ಒರೆಸಿದರು. ಆ ದಿನ ಅವರು ಮತ್ತೆ ಪಾಠ ಮಾಡಲಿಲ್ಲ. ಕಿಟಕಿಯ ಹತ್ತಿರ ನಿಂತೇ ಇದ್ದರು.

ಉಳಿದ ಕೆಲವು ವಾರ ನಮ್ಮ ಕ್ಲಾಸು ತುಳುವಿನಲ್ಲಿ ನಡೆಯಿತೆಂದರೆ ತಪ್ಪಿಲ್ಲ. ಹೇಗೂ ಹೋಗಲಿದ್ದ ಮಾಷ್ಟ್ರಿಗೆ ನಿಯಮದ ಹೆದರಿಕೆ ಇರಲಿಲ್ಲ. ಒಂದೂ ಮಾತಾಡದವರೆಂದು ನಾವು ತಿಳಿದಿದ್ದ ನಾಲ್ಕೈದು ಮಂದಿ ಮಾತಾಡಿದರು. ಹೆಚ್ಚು ಕೇಳಿದ್ದು ಕುಂಞಣ್ಣನ ಸ್ವರ. ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟರವರೆಗೆ ಮಾಷ್ಟ್ರ ಕಣ್ಣು ನನ್ನ ಮೇಲೆ ಮಾತ್ರ ಇತ್ತಲ್ಲ.

ಆದರೆ ಪರೀಕ್ಷೆ ಬರೆಯಬೇಕಾದ್ದು ಕನ್ನಡದಲ್ಲಿ. ಲೆಕ್ಕದಲ್ಲಿ ಕ್ಲಾಸಿಗೇ ಮೇಲೆ ಬಂದ ಕುಂಞಣ್ಣ ಕನ್ನಡದಲ್ಲಿ ಬಿದ್ದ. ಅವನನ್ನು ಎಂಟಕ್ಕೆ ದಾಟಿಸಿ ಎಂದು ಮಾಷ್ಟ್ರು ಮ್ಯಾನೇಜರ ಮನೆಯ ಜಗಲಿಯಲ್ಲಿ ಒಂದು ಸಂಜೆ ಪೂರ್ತಿ ಕೂತಿದ್ದರಂತೆ. ಹೊರಟವರ ಮಾತಿಗೆ ಬೆಲೆ ಎಲ್ಲಿ?

ಬಿಸು ಕಳೆದು ಹತ್ತು ದಿನಕ್ಕೆ, ರಜೆಯಲ್ಲಿ, ನಾವು ಮೂವರು ಖಾಲಿ ಶಾಲೆಯ ಅಂಗಳದಲ್ಲಿ ಸೇರಿದೆವು. ಮಾಷ್ಟ್ರು ಆಗಲೇ ಪುತ್ತಿಗೆಗೆ ಮನೆ ಸಾಗಿಸಿದ್ದರು. ಬೆಳಗಾಗುವ ಮೊದಲೇ ಹೊರಟು ನಡೆದು ಬಂದಿದ್ದರು. ಕುಂಞಣ್ಣ ಮೂರು ಬಿದಿರುಕೋಲು ಸೇರಿಸಿ ನಿಲ್ಲಿಸಿ, ನಡುವಿನಿಂದ ದಾರದಲ್ಲಿ ಕಲ್ಲು ತೂಗಬಿಟ್ಟ. ಅವನ ಕೈಯೆಲ್ಲ ಕೆಂಪು ಮಣ್ಣು. ಸುರಂಗದ ಕೆಲಸದಿಂದ ನೇರ ಬಂದಿದ್ದ.

ಹನ್ನೆರಡಾಯಿತು. ನಾವು ಕಾದೆವು. ಪದವಿನಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ದಾರದ ನೆರಳು ಬೆರಳಷ್ಟಾಯಿತು, ಉಗುರಷ್ಟಾಯಿತು, ಮತ್ತೆ ಕಲ್ಲಿನ ಕೆಳಗೆ ಒಂದು ದುಂಡು ಕಪ್ಪು ಮಾತ್ರ ಉಳಿಯಿತು. ನಾನು ನನ್ನ ಕಾಲ ಬುಡ ನೋಡಿದೆ. ನನ್ನ ನೆರಳು ನನ್ನೊಳಗೆ ಹೋಗಿಬಿಟ್ಟಿತ್ತು. ಮಾಷ್ಟ್ರದೂ ಇಲ್ಲ, ಕುಂಞಣ್ಣನದೂ ಇಲ್ಲ. ಬಯಲೆಲ್ಲ ಬಿಳಿ ಬೆಳಕು. ಅದರ ನಡುವೆ ಮೂವರು ನೀರಿನಲ್ಲಿ ತೇಲುವವರ ಹಾಗೆ, ನೆಲಕ್ಕೆ ತಾಗದೆ ನಿಂತಿದ್ದೆವು. ಎಷ್ಟು ಹೊತ್ತೆಂದು ಹೇಳಲಾರೆ. ಬಂದ ಯಾವ ಕನಸೂ ನನಗೆ ಅಷ್ಟು ಕನಸಾಗಿ ಕಂಡಿಲ್ಲ.

"ಜೂನಿಗೆ ಪುನಃ ಶಾಲೆಗೆ ಬಾ ಕುಂಞಣ್ಣ. ಇನ್ನೊಂದು ವರ್ಷ ಏಳರಲ್ಲೇ ಕೂತರೂ ಅಡ್ಡಿಯಿಲ್ಲ" ಎಂದರು ಮಾಷ್ಟ್ರು.

"ನೀವು ಇರ್ತೀರಾ?"

ಮಾಷ್ಟ್ರು ಬಗ್ಗಿ ದಾರದ ಕಲ್ಲನ್ನು ಬಿಚ್ಚತೊಡಗಿದರು. ಕುಂಞಣ್ಣ ಜೂನಿಗೆ ಬರಲಿಲ್ಲ.

ನಾನು ಎಂಟು ಮುಗಿಸಿದೆ, ಟ್ರೈನಿಂಗ್ ಮಾಡಿದೆ, ಟೀಚರಾದೆ. ನಮ್ಮ ತಾಲೂಕು ಯಾವ ರಾಜ್ಯಕ್ಕೆ ಸೇರುತ್ತದೆ ಎಂದು ಬಸ್ಸಿನಲ್ಲೆಲ್ಲ ಅದೇ ಮಾತಾಗಿದ್ದ ಕಾಲದಲ್ಲಿ ಒಂದು ಭಾನುವಾರ ಅವರನ್ನು ನೋಡಲು ಪುತ್ತಿಗೆಗೆ ಹೋದೆ. ಎಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಹೇಳಿಬಿಡಬೇಕೆಂದು ಹೋದದ್ದು. ಮಾಷ್ಟ್ರ ಹೆಂಡತಿ "ಬಾ ಅಮ್ಮ" ಎಂದು ಒಳಗೆ ಕರೆದು ಬೆಲ್ಲ ನೀರು ಕೊಟ್ಟು, "ಅವರು ಹಿಂದಿನ ಗುಡ್ಡೆಯಲ್ಲಿದ್ದಾರೆ. ಸುರಂಗ ಕೊರೆಸ್ತಾ ಇದ್ದಾರೆ. ಊಟಕ್ಕೂ ಬರುವುದಿಲ್ಲ, ನೀನಾದರೂ ಹೇಳು" ಎಂದರು.

ಗುಡ್ಡದ ಬುಡದಲ್ಲಿ ಮಾಷ್ಟ್ರು ನೆಲದಲ್ಲಿ ಕೂತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಮಡಿಲಲ್ಲಿ ಒಂದು ನೋಟ್‌ಬುಕ್ಕು, ಕೈಯಲ್ಲಿ ಮುಖ ನೋಡುವ ದೊಡ್ಡ ಕನ್ನಡಿ. ಬಿಸಿಲನ್ನು ಅದರಲ್ಲಿ ಹಿಡಿದು ಸುರಂಗದೊಳಗೆ ಬಿಡುತ್ತಿದ್ದರು. ದೀಪ ಇಟ್ಟರೆ ಒಳಗಿನವರಿಗೆ ಉಸಿರು ಕಟ್ಟುತ್ತದಂತೆ. ಬೆಳಕಿನ ಕೋಲು ಗುಡ್ಡದೊಳಗೆ ಎಷ್ಟೋ ದೂರ ಹೋಗಿತ್ತು. ಅದರ ತುದಿಯಿಂದ ಪಿಕಾಸಿಯ ಶಬ್ದ ಬರುತ್ತಿತ್ತು.

"ಒಳಗಿರುವುದು ಯಾರು ಗೊತ್ತುಂಟಾ? ಕುಂಞಣ್ಣ" ಎಂದರು, ನಿನ್ನೆಯಷ್ಟೇ ನನ್ನನ್ನು ನೋಡಿದವರ ಹಾಗೆ.

ನಾನು ಪಕ್ಕದಲ್ಲಿ ಕೂತೆ. ಧೈರ್ಯ ಹೋಗುವ ಮೊದಲು ಹೇಳಿದೆ. "ಮಾಷ್ಟ್ರೇ, ಇನ್‌ಸ್ಪೆಕ್ಟರರ ಹತ್ತಿರ ಹೊರಗೆ ಹಾಕಿದ್ದಾರೆ ಅಂತ ಹೇಳಿದ್ದು ನಾನು."

"ಗೊತ್ತುಂಟು. ಮ್ಯಾನೇಜರೇ ವರದಿ ಓದಿ ಹೇಳಿದರು." ಕನ್ನಡಿಯನ್ನು ಅಲುಗಿಸದೆಯೇ ಹೇಳಿದರು. "ಅದರಲ್ಲಿ ಸುಳ್ಳು ಎಂತ ಉಂಟು? ಹೊರಗೆ ಕಳಿಸಿದ್ದು ನಾನೇ ಅಲ್ವ?"

"ಆದರೆ ನಿಮಗೆ..."

"ನನಗೆ ಅದು ಬೇಸರ ಇಲ್ಲ ಮಗಾ. ಬೇಸರ ಬೇರೆ ಉಂಟು." ಕಣ್ಣು ಬೆಳಕಿನ ಕೋಲಿನ ಮೇಲೆಯೇ ಇತ್ತು. "ಕಳಿಸಬೇಕಾದ್ದು ಇಬ್ಬರನ್ನು. ನಾನು ಒಬ್ಬಳನ್ನೇ ಕಳಿಸಿದೆ. ನೀನು ಸ್ಲೇಟು ಎತ್ತಿದ್ದಿ, ಕಂಡಿತು. ಅವನು ಒಂಬತ್ತು ತಿಂಗಳು ನನ್ನ ಎದುರಿಗೇ ಕೂತಿದ್ದ."

ಒಳಗಿನಿಂದ ತುಳುವಿನಲ್ಲಿ ಕೂಗು ಬಂತು: "ಮಾಷ್ಟ್ರೇ, ಸ್ವಲ್ಪ ಎಡಕ್ಕೆ!" ಸೂರ್ಯ ಸರಿದಿದ್ದ. ಹೇಳಿದ ಮಾತು ಕೇಳುವ ವಿದ್ಯಾರ್ಥಿಯಂತೆ ಮಾಷ್ಟ್ರು ಕನ್ನಡಿಯನ್ನು ಎಡಕ್ಕೆ ತಿರುಗಿಸಿದರು. ನಾನು ಕನ್ನಡಿ ತೆಗೆದುಕೊಂಡೆ.

ಆಮೇಲೆ ಎರಡು ವರ್ಷಕ್ಕೆ ಮಾಷ್ಟ್ರು ತೀರಿಕೊಂಡರು. ಸುದ್ದಿ ನನಗೆ ತಲುಪುವಾಗ ಎಲ್ಲ ಮುಗಿದಿತ್ತು. ಹೀಗಾಗಿ ನಾನು ಅವರನ್ನು ಕೊನೆಗೆ ನೋಡಿದ್ದು ಆ ಭಾನುವಾರವೇ.

ಆ ದಿನ ಮಧ್ಯಾಹ್ನ ಕಳೆಯುವಾಗ ಪಿಕಾಸಿಯ ಶಬ್ದ ನಿಂತಿತು. ಕೂಗಿಲ್ಲ, ಏನಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಲಿನಿಂದ ಕೆಂಪು ನೀರಿನ ಒಂದು ಎಳೆ ಹರಿದು ಬಂತು. ಅದರ ಹಿಂದೆಯೇ ಬಗ್ಗಿಕೊಂಡು ಕುಂಞಣ್ಣ ಬಂದ. ತಲೆಯಿಂದ ಕಾಲಿನವರೆಗೆ ಕೆಸರು, ಬಿಸಿಲಿಗೆ ಕಣ್ಣು ಕಿರಿದು. ನನ್ನನ್ನು ಗುರುತು ಹಿಡಿದು ನಕ್ಕ. ಮಾಷ್ಟ್ರು ನೀರು ಮುಟ್ಟಿಯೂ ನೋಡಲಿಲ್ಲ. ನೋಟ್‌ಬುಕ್ಕು ಬಿಡಿಸಿ ಪೆನ್ಸಿಲ್ ಹಿಡಿದರು.

"ಅಲ್ಲ, ಮೊನ್ನೆ ನೀನು ಸುರಂಗವನ್ನು ಚೂರು ಬಲಕ್ಕೆ ಓರೆ ಮಾಡಿದ್ದು ಎಂತಕ್ಕೆ? ನೀರು ಅಲ್ಲಿ ಉಂಟು ಅಂತ ಹೇಗೆ ಗೊತ್ತಾಯಿತು?"

ಕುಂಞಣ್ಣ ಕೂತ. ಹೇಳತೊಡಗಿದ. ಕಲ್ಲಿನ ಬಣ್ಣ, ಗೋಡೆಯ ತಂಪು, ಪಿಕಾಸಿಯ ಸ್ವರ ಬದಲಾದದ್ದು, ಮೇಲಿನ ಗುಡ್ಡದಲ್ಲಿ ಯಾವ ಮರ ಎಲ್ಲಿದೆ ಎಂಬುದು. ಮಾಷ್ಟ್ರು ಬರೆದುಕೊಂಡರು. ಮನೆಯ ಕಡೆಯಿಂದ ಊಟಕ್ಕೆ ಕರೆದರು. "ಬಂದೆ" ಎಂದರು, ಏಳಲಿಲ್ಲ. ನೀರು ಅವರ ಪಂಚೆಯನ್ನು ಒದ್ದೆ ಮಾಡುತ್ತಾ ಕೆಳಗೆ ಹರಿದುಹೋಗುತ್ತಿತ್ತು. ಅವರಿಗೆ ಗೊತ್ತಾಗಲಿಲ್ಲ.

ಕುಂಞಣ್ಣ ಒಮ್ಮೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ.

ಮಾಷ್ಟ್ರು ಪೆನ್ಸಿಲ್ ಎತ್ತಿ ಹಿಡಿದು ಕೇಳಿದರು, "ಹ್ಞಾಂ, ಆಮೇಲೆ?"